ಕೆಂಚನಿಗೆ ಹೊಸ ಬ್ರೇಕು

“ಮಗಳ ಸೀಮಂತದ ದಿನ ನಮ್ಮ ಕೆಂಚ ಬೀಗರ ಮನೆ ರಂಗೋಲಿ ಅಂಚಿಗೆ ಬಂದು, ಒಂದು ಗೆರೆಯೂ ಅಳಿಸದಂಗೆ ನಿಲ್ದೆ ಹೋದ್ರೆ ಈ ಸೀಟೀನ ಶಿಂಷಾ ಹೊಳೆಗೆ ಎಸೆದು, ಡ್ರಿಲ್ ಮೇಷ್ಟ್ರ ಕೆಲಸಕ್ಕೇ ರಾಜೀನಾಮೆ ಕೊಡ್ತೀನಿ!”

ಜಯಪ್ರಕಾಶ್ ಮೇಷ್ಟ್ರು ಕೊರಳಲ್ಲಿ ನೇತಾಡುವ ಸೀಟಿಯನ್ನು ಮುಟ್ಟಿಕೊಂಡು ಈ ಘೋರ ಪ್ರತಿಜ್ಞೆ ಮಾಡಿದಾಗ ಅವರ ಹೆಂಡತಿ ಕವಿತ ಮಳವಳ್ಳಿಯ ಮನೆಯ ಅಡುಗೆಕೋಣೆಯಲ್ಲಿ ಕೂತು ಅವರೆಕಾಳು ಹಿಸುಕುತ್ತಿದ್ದಳು. ಪ್ರತಿಜ್ಞೆಯ ಘನತೆಗೆ ತಕ್ಕಂತೆ ಆಕೆ ತಲೆಯನ್ನೂ ಎತ್ತಲಿಲ್ಲ.

“ಕೆಲ್ಸ ಬುಡೋದೇನೂ ಬ್ಯಾಡ. ಕಾರು ನಿಲ್ದೆ ಓದ್ರೆ ಅದ ಗುಜ್ರಿಗೆ ಆಕ್ಬುಡಿ, ಸಾಕು.”

ಗುಜರಿ! ಕೆಂಚ ಎಂದರೆ ಬರೀ ಕಾರೇ? ತಂದೆ ನಿಂಗಯ್ಯನವರ ಕಾಲದ ಪುಟ್ಟ ಫಿಯೆಟ್ಟು! ಬಣ್ಣ ಕೆಂಪಗಿದ್ದುದರಿಂದ ನಿಂಗಯ್ಯನವರು ತಮ್ಮ ನೆಚ್ಚಿನ ಎತ್ತಿನ ಹೆಸರನ್ನೇ ಅದಕ್ಕೂ ಇಟ್ಟಿದ್ದರು. ಅವರ ಕಾಲದಲ್ಲಿ ಅದು ಎತ್ತಿನ ಹಾಗೆಯೇ ಹೋಗುತ್ತಿತ್ತು, ಎತ್ತಿನ ಹಾಗೆಯೇ ನಿಲ್ಲುತ್ತಿತ್ತು, ಯಾರಿಗೂ ತಕರಾರಿರಲಿಲ್ಲ. ಮಗನ ಕೈಗೆ ಬಂದಿದ್ದೇ ತಡ, ಕೆಂಚನಿಗೆ ಕಾಯಕಲ್ಪ ಶುರುವಾಯಿತು. ಹೊಸ ಕಾಲದ ಕಾರೊಂದರ ಎಂಜಿನ್ನು ಬಂತು. ಅಗಲವಾದ ಟೈರು ಬಂತು. ಹಳದಿ ಲೈಟು, ಲಾರಿ ಹಾರನ್ನು, ಸೀಟಿಗೆ ಬೆಲ್ಟು, ಎದೆ ನಡುಗಿಸುವ ಸ್ಪೀಕರು ಎಲ್ಲವೂ ಬಂದವು. ಓಡುವುದಕ್ಕೆ, ಮೆರೆಯುವುದಕ್ಕೆ ಏನೇನು ಬೇಕೋ ಅಷ್ಟನ್ನೂ ಮೇಷ್ಟ್ರು ಹಾಕಿಸಿದ್ದರು. ನಿಲ್ಲುವುದಕ್ಕೆ ಮಾತ್ರ ಅಪ್ಪನ ಕಾಲದ ಬ್ರೇಕನ್ನೇ ನಂಬಿಕೊಂಡಿದ್ದರು.

ಆ ಬ್ರೇಕು ಒಂದೇ ತುಳಿತಕ್ಕೆ ಮಣಿಯುವಂಥದ್ದಲ್ಲ. ದೂರದಿಂದಲೇ ಅರ್ಜಿ ಹಾಕಬೇಕು! ತಾವು ಕೆಲಸ ಮಾಡುವ ಪೂರಿಗಾಲಿಯ ಹೈಸ್ಕೂಲು ಗೇಟಿನಲ್ಲಿ ನಿಲ್ಲಬೇಕಾದರೆ ಹಿಂದಿನ ತಿರುವಿನ ಹುಣಸೆಮರದ ಹತ್ತಿರವೇ ಮೇಷ್ಟ್ರ ಕಾಲು ಕೆಲಸ ಶುರು ಮಾಡಬೇಕು. ಒಂದು ತುಳಿತಕ್ಕೆ ಕೆಂಚನಿಗೆ ಸುದ್ದಿ ಮುಟ್ಟುತ್ತಿತ್ತು, ಎರಡಕ್ಕೆ ಅವನು ಯೋಚಿಸುತ್ತಿದ್ದ, ಮೂರಕ್ಕೆ ಮನಸ್ಸಿದ್ದರೆ ನಿಲ್ಲುತ್ತಿದ್ದ. ಮನಸ್ಸಿಲ್ಲದಿದ್ದರೆ ಮೇಷ್ಟ್ರು ಕಿಟಕಿಯಿಂದ ತಲೆ ಹಾಕಿ ಪೀ ಪೀ ಎಂದು ಸೀಟಿ ಊದುತ್ತಿದ್ದರು. ಜನ, ದನ, ಕೋಳಿ ಎಲ್ಲ ದಾರಿ ಬಿಡುತ್ತಿದ್ದವು. “ನನ್ನ ಒಂದೇ ಒಂದು ‘ಥಮ್’ಗೆ ಇಡೀ ಹೈಸ್ಕೂಲು ನಿಲ್ತದೆ. ಇದೊಂದು ನಿಲ್ಲಲ್ವಲ್ಲ!” ಎಂದು ಅವರು ಸ್ಟಾಫ್‌ರೂಮಿನಲ್ಲಿ ಅಲವತ್ತುಕೊಳ್ಳುವುದಿತ್ತು.

ಈ ಬ್ರೇಕಿಗೆ ಇನ್ನೊಂದು ಮುಖ್ಯ ಭಾಗವೂ ಇತ್ತು. ಅದು ಹಿಂದಿನ ಸೀಟಿನಲ್ಲಿ ಕೂರುತ್ತಿತ್ತು. ಅದರ ಹೆಸರು ಚಿಕ್ಕಬೋರಮ್ಮ, ಮೇಷ್ಟ್ರ ತಾಯಿ. ನಿಲ್ಲಬೇಕಾದ ಜಾಗ ದೂರದಲ್ಲಿ ಕಂಡದ್ದೇ ಆಕೆ ಕಂಠ ಬಿಚ್ಚಿ, “ತುಳೀಲಾ ಮಗ, ತುಳಿ! ತುಳಿ! ತುಳಿ!” ಎಂದು ಕೂಗಬೇಕು. ಕೂಗಿಗೊಂದರಂತೆ ಮೇಷ್ಟ್ರು ತುಳಿಯಬೇಕು. ಕಾರು ನಿಂತ ಮೇಲೆ ಆಕೆ ಕಾಲಡಿಯ ಗುಂಡುಕಲ್ಲನ್ನು ಎತ್ತಿಕೊಂಡು ಇಳಿದು ಚಕ್ರಕ್ಕೆ ಅಡ್ಡ ಇಡಬೇಕು. ತಾಯಿ ಮಗ ಇಬ್ಬರೂ ವರ್ಷಗಟ್ಟಲೆ ಹೀಗೆ ಪಳಗಿ, ಆಕೆ ಕೂಗಿದರೆ ಸಾಕು, ಮೇಷ್ಟ್ರ ಬಲಗಾಲು ಮೇಷ್ಟ್ರನ್ನು ಕೇಳದೆಯೇ ಏಳುತ್ತಿತ್ತು.

ಕವಿತ ಈ ಕಾರು ಹತ್ತುವುದನ್ನು ಬಿಟ್ಟಿದ್ದು ಮದ್ದೂರಿನಲ್ಲಿ. ಒಂದು ಭಾನುವಾರ ಗಂಡ ಹೆಂಡತಿ ವಡೆ ತಿನ್ನಲು ಹೊರಟಿದ್ದರು. ಕೆಂಚ ವಡೆ ಹೋಟೆಲಿನ ಮುಂದೆ ನಿಲ್ಲಲಿಲ್ಲ. ಅದರ ಪಕ್ಕದ ಹೋಟೆಲಿನ ಮುಂದೆಯೂ ನಿಲ್ಲಲಿಲ್ಲ. ಪೇಟೆ ಮುಗಿದು, ಶಿಂಷಾ ಸೇತುವೆ ದಾಟಿ, ಆಚೆ ದಡದಲ್ಲಿ ಉಸ್ಸೆಂದು ನಿಂತ. ಕವಿತ ಬಾಗಿಲು ತೆರೆದು ಇಳಿದಳು. ಸೆರಗು ಸರಿಮಾಡಿಕೊಂಡು, “ಈ ಕಾರು ನಾ ಏಳ್ದ ಜಾಗದಲ್ಲಿ ನಿಲ್ಲೋ ಗಂಟ ನಾನಿದ್ಕೆ ಅತ್ತಾಕಿಲ್ಲ” ಎಂದು ನಡೆದುಕೊಂಡೇ ಬಸ್‌ಸ್ಟ್ಯಾಂಡಿಗೆ ಹೋದಳು.

ಅಂದಿನಿಂದ ಆಕೆಗೆ ಬಸ್ಸು, ಇಲ್ಲವೇ ಅಂಗನವಾಡಿ ಮೇಲ್ವಿಚಾರಕಿಯಾಗಿ ಊರೂರು ಸುತ್ತಲು ಇಟ್ಟುಕೊಂಡಿದ್ದ ತನ್ನ ಸ್ಕೂಟರು. ಹಟಕ್ಕೆ ಬಿದ್ದವಳಂತೆ ಡ್ರೈವಿಂಗ್ ಸ್ಕೂಲಿಗೆ ಸೇರಿ ಕಾರು ಓಡಿಸುವುದನ್ನೂ ಕಲಿತು ಲೈಸೆನ್ಸು ತಂದಿಟ್ಟಳು. ಮೇಷ್ಟ್ರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಫೋಟೋ ಚೆನ್ನಾಗಿ ಬಂದದೆ. ಆದ್ರೆ ಕೆಂಚನ್ನ ಪಳಗ್ಸೋಕೆ ಗಂಡೆದೆ ಬೇಕು ಕಣೇ!” ಎಂದು ನಕ್ಕಿದ್ದರು. ನಕ್ಕರೇನು? ಪಕ್ಕದ ಸೀಟು ಖಾಲಿ ಇಟ್ಟುಕೊಂಡು ಓಡಾಡುವುದು ಅವರಿಗೆ ಒಳಗೊಳಗೇ ಬಹಳ ಬೇಸರವಾಗುತ್ತಿತ್ತು. ಎಷ್ಟು ದೊಡ್ಡ ಹಾರನ್ನಿದ್ದರೂ ‘ಮೆಲ್ಲಗೆ ಓಗಿ’ ಎಂದು ಗದರಿಸುವವರು ಇಲ್ಲದಿದ್ದರೆ ಏನು ಚೆಂದ!

ಇಂಥ ಹೊತ್ತಿಗೆ ಕಿರುಗಾವಲಿಗೆ ಕೊಟ್ಟ ಮಗಳು ನಾಗಶ್ರೀಗೆ ಸೀಮಂತ ಗೊತ್ತಾಯಿತು. ತವರಿನವರು ಮಡಿಲಕ್ಕಿ ತೆಗೆದುಕೊಂಡು ಹೋಗಬೇಕು. ಕವಿತ ಟ್ಯಾಕ್ಸಿ ಹೇಳುತ್ತೇನೆಂದಳು. ಮನೆಮುಂದೆ ಕೆಂಚ ಇರುವಾಗ ಟ್ಯಾಕ್ಸಿ! ಬೀಗಿತ್ತಿ ಯಶೋದಮ್ಮನ ನಾಲಗೆ ಎಂಥದ್ದೆಂದು ಗೊತ್ತಿದ್ದೂ ಟ್ಯಾಕ್ಸಿ! ಆಗ ಹುಟ್ಟಿದ್ದೇ ಆ ಘೋರ ಪ್ರತಿಜ್ಞೆ. ನಿಂತರೆ ಹೆಂಡತಿ ಪಕ್ಕದ ಸೀಟಿಗೆ, ನಿಲ್ಲದಿದ್ದರೆ ಕೆಂಚ ಗುಜರಿಗೆ.

ಮಾರನೆಯ ದಿನವೇ ಮೇಷ್ಟ್ರು ಮಂಡ್ಯದ ಸಂತೋಷನ ಗ್ಯಾರೇಜಿಗೆ ಕೆಂಚನನ್ನು ನುಗ್ಗಿಸಿದರು. ನುಗ್ಗಿಸಿದರು ಎಂದರೆ ಅಕ್ಷರಶಃ! ಹಳೇ ಟೈರುಗಳ ರಾಶಿಯೊಂದು ತಡೆಯದಿದ್ದರೆ ಗ್ಯಾರೇಜಿನ ಹಿಂದಿನ ಗೋಡೆಯೂ ಹೊಸದಾಗಬೇಕಿತ್ತು.

ಸಂತೋಷ ಕೆಂಚನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. “ಏನ್ ಸಾ ಇದು, ಬೊಚ್ಚುಬಾಯಲ್ಲಿ ಮಾಂಸ ತಿನ್ನೋಕೆ ಕುಂತಂಗೈತೆ! ಇಷ್ಟ್ ದೊಡ್ಡ ಎಂಜಿನ್ನು, ಈ ಬ್ರೇಕಾ?”

“ಅದಕ್ಕೇ ಬಂದಿರೋದು ಕಣಯ್ಯ. ನಿಲ್ತದಾ?”

“ನಿಲ್ತದಾ ಅಂತೀರಲ್ಲ! ನಾನ್ ಆಕಿದ್ ಬ್ರೇಕು ನಿಲ್ನಿಲ್ಲ ಅಂತ ಮಂಡ್ಯ ಜಿಲ್ಲೇಲಿ ಒಬ್ಬ ಬಾಯ್ಬುಡ್ಲಿ, ಮೀಸೆ ಬೋಳುಸ್ಕತೀನಿ!”

ಅವನಿಗೆ ಮೀಸೆ ಇರಲಿಲ್ಲವೆಂಬುದನ್ನು ಮೇಷ್ಟ್ರು ಉತ್ಸಾಹದಲ್ಲಿ ಗಮನಿಸಲಿಲ್ಲ. ಆದರೆ ಸಂತೋಷ ಕೆಲಸದಲ್ಲಿ ಮೋಸ ಮಾಡಲಿಲ್ಲ. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು, ಹಿಂದಿನವಕ್ಕೆ ಹೊಸ ಲೈನಿಂಗು, ಹೊಸ ಕೊಳವೆ, ಹೊಸ ಎಣ್ಣೆ, ಎಲ್ಲಕ್ಕಿಂತ ಮಿಗಿಲಾಗಿ ಬೂಸ್ಟರು. ಇರುವೆ ತುಳಿದರೂ ಆನೆ ತುಳಿದಷ್ಟು ಬಲವಾಗಿ ಬ್ರೇಕು ಹಿಡಿಯುವಂತೆ ಮಾಡುವ ಯಂತ್ರ ಅದು.

“ನೋಡಿ ಸಾ, ಇನ್ಮ್ಯಾಕೆ ಮೂರ್ ಮೂರ್ ಸಲ ತುಳಿಯೋದ ಬುಟ್ಬುಡಿ. ಸುಮ್ಕೆ ಕಾಲು ಮಡ್ಗುದ್ರೆ ಸಾಕು. ಖಾಲಿ ರೋಡಲ್ಲಿ ವಸಿ ಅಭ್ಯಾಸ ಮಾಡ್ಕಳಿ.”

“ಡ್ರಿಲ್ ಮೇಷ್ಟ್ರಿಗೆ ಕಾಲಿಡೋದು ಹೇಳಿಕೊಡ್ತೀಯೇನಯ್ಯ?” ಎಂದು ಮೇಷ್ಟ್ರು ಗಹಗಹಿಸಿದರು.

ಮನೆಗೆ ಬರುವಾಗ ಬೇಕೆಂದೇ ಮದ್ದೂರಿನ ದಾರಿ ಹಿಡಿದರು. ಅದೇ ವಡೆ ಹೋಟೆಲು! ಮೇಷ್ಟ್ರು ವೈರಿಯನ್ನು ಕಂಡ ವೀರನಂತೆ ಹುಬ್ಬು ಗಂಟಿಕ್ಕಿ ಬ್ರೇಕು ತುಳಿದರು. ಕೆಂಚ ಇದ್ದಲ್ಲಿಯೇ ನೆಟ್ಟ ಕಂಬವಾದ! ಮೇಷ್ಟ್ರ ಹಣೆ ಸ್ಟಿಯರಿಂಗಿನ ನಡುವೆ ಕೂತು ಲಾರಿ ಹಾರನ್ನು ತಾನಾಗಿ ಮೊಳಗಿತು. ಹಿಂದೆ ಬರುತ್ತಿದ್ದ ಕಬ್ಬಿನ ಟ್ರಾಕ್ಟರಿನವನು ಪಕ್ಕಕ್ಕೆ ಹೊರಳಿಸಿಕೊಂಡು, ಇಲ್ಲಿ ಬರೆಯಲಾಗದ ಮಾತೊಂದನ್ನು ಹೇಳಿ ಹೋದ. ಮೇಷ್ಟ್ರಿಗೆ ಅದು ಅಭಿನಂದನೆಯಂತೆಯೇ ಕೇಳಿಸಿತು. ಬಿಸಿ ಬಿಸಿ ವಡೆ ಕಟ್ಟಿಸಿಕೊಂಡು, ದಾರಿಯುದ್ದಕ್ಕೂ ಸುಮ್ಮಸುಮ್ಮನೆ ನಿಲ್ಲಿಸಿ ನಿಲ್ಲಿಸಿ ಖುಷಿಪಡುತ್ತಾ ಮಳವಳ್ಳಿ ತಲುಪಿದರು.

“ತಗೋ! ಅವತ್ತು ನಿಲ್ಲದ ಜಾಗದಲ್ಲೇ ನಿಲ್ಲಿಸಿ ತಂದಿದ್ದೀನಿ!”

ಕವಿತ ಪೊಟ್ಟಣ ಬಿಚ್ಚಿದಳು. “ಇದೇನ್ರೀ, ವಡೆನಾ, ವಡೆಪುಡಿನಾ?”

“ಅದು… ದಾರೀಲಿ ವಸಿ ಕುಲುಕಾಡ್ತು.”

“ಅಣೆ ಮ್ಯಾಲೇನು, ರೂಪಾಯ್ ಅಗ್ಲ ಕೆಂಪ್ಗೆ?”

“ಕುಂಕುಮ ಕಣೇ. ಹೊಸ ಬ್ರೇಕಿಗೆ ಪೂಜೆ ಮಾಡ್ಸಿದೆ.”

ಕುಂಕುಮದಲ್ಲಿ ಹಾರನ್ನಿನ ಗುರುತು ಮೂಡುವುದು ಹೇಗೆಂದು ಕವಿತ ಕೇಳಲಿಲ್ಲ. ಹೊರಗೆ ಹೋಗಿ ಕೆಂಚನನ್ನೊಮ್ಮೆ ನೋಡಿ ಬಂದು, “ಆಯ್ತು, ಬತ್ತೀನಿ. ಆದ್ರೆ ನೆಪ್ಪಿರ್ಲಿ, ಇದೇ ಕೊನೇ ಸಲ” ಎಂದಳು. ಮೇಷ್ಟ್ರಿಗೆ ಆ ರಾತ್ರಿ ಊಟವೇ ಬೇಕಾಗಲಿಲ್ಲ, ಅಷ್ಟು ಸಂತೋಷ!

ಸೀಮಂತದ ಬೆಳಿಗ್ಗೆ ಮೇಷ್ಟ್ರು ರೇಷ್ಮೆ ಪಂಚೆ, ಬಿಳಿ ಅಂಗಿ ತೊಟ್ಟು, ಅದರ ಮೇಲೆ ಬಿಡದೆ ಸೀಟಿಯನ್ನೂ ಹಾಕಿಕೊಂಡರು. ಕವಿತ ಪಕ್ಕದ ಸೀಟಿನಲ್ಲಿ ಬೆಲ್ಟು ಬಿಗಿದುಕೊಂಡು ಕೂತಳು. ಆಕೆಯ ತೊಡೆಯ ಮೇಲೆ ಮಡಿಲಕ್ಕಿಯ ತಟ್ಟೆ. ಅಕ್ಕಿ, ತೆಂಗಿನಕಾಯಿ, ಬೆಲ್ಲದಚ್ಚು, ಬಾಳೆಹಣ್ಣು, ಎಲೆ ಅಡಿಕೆ, ರವಿಕೆ ಕಣ, ಅರಿಸಿನ ಕುಂಕುಮದ ಬಟ್ಟಲು, ಹಸಿರು ಬಳೆ ಎಲ್ಲ ಅದರ ಮೇಲೆ ಗೋಪುರದಂತೆ ನಿಂತಿದ್ದವು. ಹಿಂದಿನ ಸೀಟಿನಲ್ಲಿ ತಂಬಿಟ್ಟಿನ ಬುಟ್ಟಿ ಹಿಡಿದ ಚಿಕ್ಕಬೋರಮ್ಮ. ಆಕೆಯ ಕಾಲಡಿಯಲ್ಲಿ ಅದೇ ಗುಂಡುಕಲ್ಲು.

“ಅವ್ವ, ಇನ್ನು ಕಲ್ಲು ಬೇಕಾಗಿಲ್ಲ.”

“ಇರ್ಲಿ ಬುಡ್ಲಾ, ಅದೂ ಮೊಮ್ಮಗಳ ಸಾಸ್ತ್ರ ನೋಡ್ಲಿ. ಕವಿತಾ, ತಟ್ಟೆ ಭದ್ರ ಕಣವ್ವ. ಅಲ್ಲೀಗಂಟ ಎಲ್ಲೂ ಕೆಳೀಕೆ ಇಡ್ಕೂಡ್ದು. ಮಡ್ಲಕ್ಕಿ ಒಂದ್ಕಾಳೂ ನೆಲಕ್ಕೆ ಬೀಳ್ಕೂಡ್ದು.”

ಮಳವಳ್ಳಿಯಿಂದ ಕಿರುಗಾವಲಿನ ತನಕ ಕೆಂಚ ಹಂಸದ ಹಾಗೆ ಹೋದ. ಮೇಷ್ಟ್ರು ಪ್ರತಿ ತಿರುವಿನಲ್ಲೂ ಕಾಲನ್ನು ಹೂವಿನ ಹಾಗೆ ಇಟ್ಟರು. ಕಾರು ಮೆಲ್ಲಗೆ ನಿಂತಿತು, ಮೆಲ್ಲಗೆ ಹೊರಟಿತು. ಎದುರು ಬಸ್ಸು ಬಂದಾಗಲೂ ತಟ್ಟೆಯ ಒಂದು ವೀಳ್ಯದೆಲೆ ಅಲುಗಲಿಲ್ಲ.

“ಪರ್ವಾಗಿಲ್ಲ ಕಣ್ರೀ” ಎಂದಳು ಕವಿತ.

ಮದುವೆಯಾದಾಗಿನಿಂದ ಆಕೆಯ ಬಾಯಿಂದ ಮೇಷ್ಟ್ರಿಗೆ ಸಿಕ್ಕ ಅತಿ ದೊಡ್ಡ ಬಿರುದು ಅದು! ಅವರ ಎದೆ ಉಬ್ಬಿತು. ಇನ್ನೇನು, ಕಿರುಗಾವಲಿನ ಅರಳಿಕಟ್ಟೆ ಕಂಡಿತು. ಅಲ್ಲಿ ಎಡಕ್ಕೆ ತಿರುಗಿ ಬೀದಿಯುದ್ದಕ್ಕೂ ಹೋದರೆ ಕೊನೆಯಲ್ಲಿ ಬೀಗರ ಮನೆ. ರಂಗೋಲಿ, ಆರತಿ, ಯಶೋದಮ್ಮ. ಮೇಷ್ಟ್ರು ಹುಷಾರಾಗಿ ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದರು.

ಆ ಕ್ಷಣಕ್ಕೆ ಚಿಕ್ಕಬೋರಮ್ಮನಿಗೂ ಅರಳಿಕಟ್ಟೆ ಕಂಡಿತು. ಹಳೇ ಬ್ರೇಕಿನ ಕಾಲದಲ್ಲಿ ಬೀಗರ ಮನೆಗೆ ಅರ್ಜಿ ಹಾಕುತ್ತಿದ್ದುದು ಅಲ್ಲಿಂದಲೇ! ಆಕೆ ಬುಟ್ಟಿ ಹಿಡಿದುಕೊಂಡೇ ಕಂಠ ಬಿಚ್ಚಿದಳು.

“ತುಳೀಲಾ ಮಗ, ತುಳಿ! ತುಳಿ! ತುಳಿ!”

ಮೇಷ್ಟ್ರು ‘ಬೇಡ’ ಎಂದುಕೊಂಡರು. ಅವರ ಕಾಲು ‘ಆಗಲಿ’ ಅಂದಿತು. ಮಾತೃವಾಕ್ಯ ಪರಿಪಾಲನೆ! ಬಲಗಾಲು ಎದ್ದು, ಕೂಗಿಗೊಂದರಂತೆ ಧಡ್, ಧಡ್, ಧಡ್ ಎಂದು ಬಿದ್ದಿತು.

ಮೊದಲ ತುಳಿತಕ್ಕೆ ಕೆಂಚ ಮೂಗಿನ ಮೇಲೆ ನಿಂತ. ಎರಡಕ್ಕೆ ತಂಬಿಟ್ಟಿನ ಉಂಡೆಗಳು ಬುಟ್ಟಿ ಬಿಟ್ಟು ಹಾರಿ ಮೇಷ್ಟ್ರ ಬುರುಡೆಗೆ ಟಪಟಪ ಬಡಿದವು, ಒಂದು ಕಾಲರಿನೊಳಗೆ ಇಳಿದು ಬೆನ್ನಲ್ಲಿ ಬಿಡಾರ ಹೂಡಿತು. ಮೂರಕ್ಕೆ, ಎಡಕ್ಕೆ ತಿರುಗುತ್ತಿದ್ದ ಕಾರಿನಲ್ಲಿ ಕವಿತಳ ತಟ್ಟೆ ಬಲಕ್ಕೆ ಜಾರಿ, ಒಂದು ಪಲ್ಟಿ ಹೊಡೆದು, ಗೋಪುರಸಮೇತ ಮೇಷ್ಟ್ರ ತೊಡೆಯ ಮೇಲೆ ಬೋರಲು ಬಿದ್ದಿತು! ಅಕ್ಕಿ, ಕಾಯಿ, ಬೆಲ್ಲ, ಬಾಳೆಹಣ್ಣು ಎಲ್ಲವೂ ರೇಷ್ಮೆ ಪಂಚೆಯ ಹಳ್ಳದಲ್ಲಿ ಅಚ್ಚುಕಟ್ಟಾಗಿ ಕೂತವು. ಅರಿಸಿನ ಕುಂಕುಮ ಮುಖಕ್ಕೆ ಬಳಿಯಿತು. ಮೇಷ್ಟ್ರ ಬಾಯಲ್ಲಿ ಅಭ್ಯಾಸಬಲದಿಂದ ಸೇರಿಕೊಂಡಿದ್ದ ಸೀಟಿ ಇಡೀ ಕಿರುಗಾವಲಿಗೆ ಕೇಳುವಂತೆ ‘ಪೀ…’ ಎಂದು ಕೂಗಿ ಸುಮ್ಮನಾಯಿತು.

ಯಾರಿಗೂ ಪೆಟ್ಟಾಗಿರಲಿಲ್ಲ, ಮರ್ಯಾದೆಯೊಂದನ್ನು ಬಿಟ್ಟು. ಚಿಕ್ಕಬೋರಮ್ಮ ಏನೂ ಆಗದವಳಂತೆ ಗುಂಡುಕಲ್ಲು ಎತ್ತಿಕೊಂಡು ಇಳಿದು, ಹಿಂದಿನ ಚಕ್ರಕ್ಕೆ ಅಡ್ಡ ಇಟ್ಟು, “ಚೆನ್ನಾಗಿ ನಿಂತ್ಕತು ಕಣ್ಲಾ” ಎಂದಳು.

ಮೇಷ್ಟ್ರು ಇಳಿಯಲು ಹೋದರು.

“ಅಲುಗ್ಬ್ಯಾಡ!” ಚಿಕ್ಕಬೋರಮ್ಮ ಕಿಟಕಿಯಲ್ಲಿ ತಲೆ ಹಾಕಿ ಚೀರಿದಳು. “ಒಂದ್ಕಾಳು ನೆಲಕ್ಕೆ ಬಿದ್ರೆ ನೋಡು!”

“ತಟ್ಟೆಗೆ ತುಂಬ್ಕೊಳ್ಳೇ ಕವಿತಾ…”

“ಮಡ್ಲಿಗೆ ಬಿದ್ದಿದ್ನ ತಿರ್ಗಾ ತಟ್ಟೆಗೆ ತುಂಬ್ತಾರೇನ್ಲಾ? ಮಡ್ಲಕ್ಕಿ ಮಡ್ಲಿಂದ ಮಡ್ಲಿಗೇ ಓಗ್ಬೇಕು. ಪಂಚೆ ಎತ್ತಿ ಇಡ್ಕ, ನಡಿ!”

ಸೀಟಿಯ ಸದ್ದಿಗೆ ಅಷ್ಟರಲ್ಲಿ ಬೀದಿಗೆ ಬೀದಿಯೇ ಅರಳಿಕಟ್ಟೆಗೆ ಬಂದಿತ್ತು. ಆರತಿ ತಟ್ಟೆ ಹಿಡಿದುಕೊಂಡೇ ಯಶೋದಮ್ಮನೂ ಬಂದಿದ್ದಳು. ಆಕೆ ಬೀಗರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮುಖದ ತುಂಬ ಅರಿಸಿನ ಕುಂಕುಮ, ಎರಡು ಕೈಯಲ್ಲೂ ಎತ್ತಿ ಹಿಡಿದ ಪಂಚೆ, ಅದರಲ್ಲಿ ದುಂಡಗೆ ಮುಂದಕ್ಕೆ ಬಂದ ಹೊಟ್ಟೆಯಂಥ ಭಾರ. ಭಾರಕ್ಕೆ ಸೊಂಟ ಹಿಂದಕ್ಕೆ ವಾಲಿಸಿ, ಕಾಲು ಅಗಲಿಸಿ, ಉಸ್ಸ್ ಉಸ್ಸ್ ಎಂದು ಮೇಷ್ಟ್ರು ಒಂದೊಂದೇ ಹೆಜ್ಜೆ ಇಡುತ್ತಿದ್ದರು. ಮಕ್ಕಳಿಗೆ ಕವಾಯತು ಕಲಿಸಿದ ಕಾಲುಗಳು!

ಯಶೋದಮ್ಮ ಬಂದು ಮೆಲ್ಲಗೆ ಅವರ ತೋಳು ಹಿಡಿದುಕೊಂಡಳು. “ನಿಧಾನ ಬೀಗ್ರೆ. ಮುಂದೆ ಕಲ್ಲೈತೆ. ಎಷ್ಟು ತಿಂಗ್ಳು?”

ಬೀದಿ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ಹಿಂದಿರುಗಿ ಹೆಂಡತಿಯ ಮುಖ ನೋಡಲು ಹೆದರಿದರು. ಗುಜರಿಯವನ ತಕ್ಕಡಿಯ ಮೇಲೆ ಕೆಂಚ ಆಗಲೇ ಹತ್ತಿ ಕೂತ ಹಾಗೆ ಅವರಿಗೆ ಕಾಣಿಸುತ್ತಿತ್ತು. ಅಳುವಷ್ಟು ಸಂಕಟವಾಗುತ್ತಿತ್ತು, ಕಣ್ಣೊರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಬಾಗಿಲಲ್ಲಿ ನಾಗಶ್ರೀ ನಿಂತಿದ್ದಳು. ವಾಂತಿ, ಸುಸ್ತು ಎಂದು ವಾರಗಟ್ಟಲೆ ಅನ್ನ ಸೇರದೆ ಸೊರಗಿದ್ದ ಹುಡುಗಿ. ಅಪ್ಪ ರಂಗೋಲಿ ಬಳಸಿಕೊಂಡು, ತನ್ನ ಹಾಗೆಯೇ ಸೊಂಟ ಹಿಂದಕ್ಕೆ, ಹೊಟ್ಟೆ ಮುಂದಕ್ಕೆ ಮಾಡಿಕೊಂಡು ಮೆಟ್ಟಿಲು ಹತ್ತುತ್ತಿರುವುದನ್ನು ನೋಡಿದಳು.

“ಅಪ್ಪಾ! ನಂಗಿಂತ ನಿಂದೇ ದೊಡ್ದಾಗೈತಲ್ಲಪ್ಪೋ!”

ಹೇಳಿ ಬಾಗಿಲ ಚೌಕಟ್ಟು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಮಗಳು ಹಾಗೆ ನಗುವುದನ್ನು ನೋಡಿ ಎಷ್ಟು ಕಾಲವಾಗಿತ್ತೋ! ಮೇಷ್ಟ್ರಿಗೆ ಇಡೀ ಬೀದಿಯ ನಗು ಮರೆತುಹೋಯಿತು. ಬೇಕೆಂದೇ ಇನ್ನೆರಡು ಹೆಜ್ಜೆಯನ್ನು ಇನ್ನಷ್ಟು ಅಗಲಿಸಿ ಹಾಕಿದರು.

ಶಾಸ್ತ್ರ ಸಾಂಗವಾಗಿ ನಡೆಯಿತು. ಮಡಿಲಿಂದ ಮಡಿಲಿಗೆ ಹೋಗಬೇಕಾದ್ದರಿಂದ ಹಸೆಯ ಮೇಲೆ ಮಗಳ ಪಕ್ಕದಲ್ಲೇ ಅಪ್ಪನನ್ನೂ ಕೂರಿಸಲಾಯಿತು. ಮುತ್ತೈದೆಯರು ಸೋಬಾನೆ ಹೇಳಿಕೊಂಡು ಅವರ ಪಂಚೆಯಿಂದ ಅಕ್ಕಿ ಮೊಗೆದು ನಾಗಶ್ರೀಯ ಮಡಿಲಿಗೆ ತುಂಬಿದರು. ಅಷ್ಟಕ್ಕೇ ಬಿಡದೆ ಯಶೋದಮ್ಮ ಮೇಷ್ಟ್ರಿಗೂ ಹಸಿರು ಬಳೆ ತೊಡಿಸಲು ನೋಡಿದಳು. ಡಂಬೆಲ್ಸ್ ಹಿಡಿದು ಬಲಿತ ಕೈಗೆ ಅದು ಗೆಣ್ಣು ದಾಟಲಿಲ್ಲ. ನಾಗಶ್ರೀ ನಗುನಗುತ್ತಲೇ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು.

ಹೊರಡುವ ಹೊತ್ತಿಗೆ ಯಶೋದಮ್ಮ ಮೊರದ ತುಂಬ ಅಕ್ಕಿ, ಹಣ್ಣು ತಂದಳು. “ಸಾಸ್ತ್ರ ಮಾಡುಸ್ಕಂಡೋರ್ನ ಬರಿ ಮಡ್ಲಲ್ಲಿ ಕಳ್ಸೋಕಾಯ್ತದಾ ಬೀಗ್ರೆ? ಇಡೀರಿ ಪಂಚೆಯ!”

ಮೇಷ್ಟ್ರು ಮತ್ತೆ ತುಂಬಿದ ಮಡಿಲಿನವರಾದರು. ಎರಡು ಕೈಗೂ ಪುರಸೊತ್ತಿಲ್ಲ. ಎದುರು ಕವಿತ ಬಂದು ಕೈ ಚಾಚಿ ನಿಂತಳು.

“ಕೀ ಎಲ್ಲೈತೆ?”

“ಅಂಗಿ ಜೇಬಲ್ಲಿ… ಗುಜರಿಗಾ?” ಎಂದರು ಮೇಷ್ಟ್ರು ಸಣ್ಣ ದನಿಯಲ್ಲಿ.

ಕವಿತ ಜೇಬಿಗೆ ಕೈಹಾಕಿ ಕೀ ತೆಗೆದುಕೊಂಡು ಅರಳಿಕಟ್ಟೆಯ ಕಡೆ ನಡೆದಳು. ಸ್ವಲ್ಪ ಹೊತ್ತಿಗೆ ಕೆಂಚನ ಸದ್ದು ಕೇಳಿಸಿತು. ಬೀದಿಯ ತುದಿಯಿಂದ ನೆಟ್ಟಗೆ ಬಂದ. ಜಗಲಿಯ ಮೇಲಿಂದ ಚಿಕ್ಕಬೋರಮ್ಮ, “ತುಳಿಯವ್ವಾ, ತುಳಿ! ತುಳಿ! ತುಳಿ!” ಎಂದು ಕೂಗಿದಳು. ಕವಿತ ಅತ್ತೆಯ ಕಡೆ ನೋಡಿ ಮುಗುಳ್ನಕ್ಕಳೇ ಹೊರತು ಕಾಲು ಎತ್ತಲಿಲ್ಲ. ಸಾವಕಾಶವಾಗಿ ಬಂದು, ರಂಗೋಲಿಯ ಅಂಚಿಗೆ, ಒಂದು ಗೆರೆಯೂ ಅಳಿಸದ ಹಾಗೆ ನಿಲ್ಲಿಸಿದಳು.

ಘೋರ ಪ್ರತಿಜ್ಞೆ ಅಕ್ಷರಶಃ ನೆರವೇರಿತ್ತು. ನೆರವೇರಿಸಿದವರು ಬೇರೆ, ಅಷ್ಟೇ.

“ಕಾರು ನಾ ಏಳ್ದಲ್ಲಿ ನಿಲ್ತದೆ. ಗುಜ್ರಿಗ್ಯಾಕೆ?” ಎಂದಳು ಕವಿತ ಕಿಟಕಿಯಿಂದ. “ಒಸಾ ಬ್ರೇಕು ಆಕುಸ್ದೋರು ಒಸಾ ಕಾಲ್ನೂ ಆಕುಸ್ಕಬೇಕಿತ್ತು. ಬನ್ನಿ, ಅತ್ತಿ.”

ಮೇಷ್ಟ್ರು ಮಡಿಲು ಹಿಡಿದುಕೊಂಡು, ಯಶೋದಮ್ಮ ಒಂದು ಕಡೆ ಮಗಳು ಒಂದು ಕಡೆ ಆಸರೆಯಾಗಿ, ಇಷ್ಟು ವರ್ಷ ಹೆಂಡತಿಗೆಂದು ಖಾಲಿ ಇಟ್ಟಿದ್ದ ಪಕ್ಕದ ಸೀಟಿನಲ್ಲಿ ಮೆಲ್ಲಗೆ ಕೂತರು. ಹಿಂದೆ ಚಿಕ್ಕಬೋರಮ್ಮ ಹತ್ತಿ, ಕವಿತ ಚಕ್ರದಡಿಯಿಂದ ಎತ್ತಿ ತಂದಿದ್ದ ಗುಂಡುಕಲ್ಲನ್ನು ಕಾಲಡಿಗೆ ಎಳೆದುಕೊಂಡು ಕೂತಳು. ಮೇಷ್ಟ್ರು ಉಳಿದಿದ್ದ ಚೂರುಪಾರು ಗಾಂಭೀರ್ಯವನ್ನೆಲ್ಲ ಒಟ್ಟುಗೂಡಿಸಿಕೊಂಡು ಸೀಟಿನ ಬೆಲ್ಟಿಗೆ ಕೈ ಹಾಕಿದರು.

ಕವಿತ ಗೇರು ಹಾಕುತ್ತಾ ಅವರ ಕಡೆ ತಿರುಗಿದಳು.

“ಬೆಲ್ಟು ವಸಿ ಸಡ್ಲುಕ್ಕೆ ಕಟ್ಕಳಿ. ಇಂಥಾ ಟೈಮಲ್ಲಿ ಒಟ್ಟೆ ಮ್ಯಾಲೆ ಬಿಗೀಬಾರ್ದು!”